ಏಟಿಲ್ಲದ ಹೊಡೆತ

ಚೀನೀ ಭಾಷೆ ಕಲಿಯಹೊರಟ ವಿದ್ಯಾರ್ಥಿಗೆ ಬಹುಬೇಗ ಎದುರಾಗುವ ಕ್ರಿಯಾಪದ ‘ತಾ’. ಇದರ ಮೂಲ ಅರ್ಥ ‘ಹೊಡೆ’. ಇದೊಂದನ್ನೇ ಬಾಯಿಪಾಠ ಮಾಡಿದವರು ತಬ್ಬಿಬ್ಬಾಗುವುದು ಖಂಡಿತ. ಏಕೆಂದರೆ ಚೀನೀಯರು ಫೋನನ್ನು ‘ಹೊಡೆಯುತ್ತಾರೆ’, ಕೊಡೆಯನ್ನು ‘ಹೊಡೆಯುತ್ತಾರೆ’, ಬಾವಿಯ ನೀರನ್ನೂ ‘ಹೊಡೆಯುತ್ತಾರೆ’! ಫೋನ್ ಮಾಡುವುದು, ಕೊಡೆ ಹಿಡಿಯುವುದು, ನೀರು ಸೇದುವುದು ಎಂದೇ ಇವುಗಳ ಅರ್ಥ.

ಕನ್ನಡಿಗರಿಗೆ ಇದು ತೀರ ಅಪರಿಚಿತವಲ್ಲ. ಗೋಡೆಗೆ ಬಣ್ಣ ಹೊಡೆಯುತ್ತಾರೆ, ಕಟ್ಟೆಯ ಮೇಲೆ ಕುಳಿತು ಹರಟೆ ಹೊಡೆಯುತ್ತಾರೆ, ಮಲಗಿ ಗೊರಕೆ ಹೊಡೆಯುತ್ತಾರೆ. ಏಟು ತಿಂದವರು ಮಾತ್ರ ಯಾರೂ ಇಲ್ಲ. ಗೊರಕೆಗೆ ಚೀನೀಯರೂ ‘ತಾ ಹೂಲು’ ಎನ್ನುವುದು ಸ್ವಾರಸ್ಯಕರ.

‘ತಾ’ ಐದು ಗೆರೆಗಳ ಅಕ್ಷರ. ಅದರ ಎಡಭಾಗದಲ್ಲಿರುವುದು ಕೈಯ ಚಿಹ್ನೆ. ಟೈಪು ಮಾಡುವುದು, ಸ್ವೆಟರ್ ಹೆಣೆಯುವುದು, ಇಂಜೆಕ್ಷನ್ ಕೊಡುವುದು ಮುಂತಾದ ಕೈಗೆಲಸಗಳಿಗೆ ಈ ಪದ ಸಲ್ಲುತ್ತದೆ. ಬ್ಯಾಸ್ಕೆಟ್‌ಬಾಲ್ ಆಟಕ್ಕೂ ‘ತಾ’. ಕಾಲಿನಿಂದ ಆಡುವ ಫುಟ್‌ಬಾಲಿಗೆ ಮಾತ್ರ ‘ಒದೆ’ ಎಂಬರ್ಥದ ‘ಥೀ’ ಬರುತ್ತದೆ. ಆದರೆ ಕೈಯ ಸೂತ್ರವನ್ನೇ ನಂಬುವಂತಿಲ್ಲ. ಗುಡುಗು, ಸೀನು, ಆಕಳಿಕೆಗಳಿಗೂ ‘ತಾ’ ಬೇಕು.

ಈ ಗೊಂದಲ ಇಂದಿನದಲ್ಲ. 11ನೇ ಶತಮಾನದ ವಿದ್ವಾಂಸ ಔಯಾಂಗ್ ಷಿಯೂ (1007–1072), ‘ಹೊಡೆ’ ಎಂಬರ್ಥದ ಪದವನ್ನು ಜನ ಕಂಡಕಂಡಲ್ಲಿ ಬಳಸುತ್ತಾರೆಂದು ಆಕ್ಷೇಪಿಸಿದ್ದ. ಅವನ ಪಟ್ಟಿಯಲ್ಲಿದ್ದ ‘ತಾ ಛ’ ಎಂಬುದಕ್ಕೆ ಅಂದು ಬಂಡಿ ತಯಾರಿಸುವುದು ಎಂದರ್ಥ. ಇಂದು ಅದೇ ಮಾತಿಗೆ ಟ್ಯಾಕ್ಸಿ ಹಿಡಿಯುವುದು ಎಂದರ್ಥ. ವಿದ್ವಾಂಸರ ಆಕ್ಷೇಪವಿದ್ದರೂ ಜನರ ಬಳಕೆಯೇ ಗೆದ್ದಿತು.

ಉಚ್ಚಾರಣೆಯಲ್ಲೂ ಎಚ್ಚರ ಬೇಕು. ರೋಮನ್ ಲಿಪಿಯಲ್ಲಿ ಇದನ್ನು ‘ಡಿ’ ಅಕ್ಷರದಿಂದ ಬರೆಯುತ್ತಾರೆ. ಆದರೆ ಧ್ವನಿ ಕನ್ನಡದ ‘ತ’ಕಾರಕ್ಕೆ ಹತ್ತಿರ. ‘ಟಿ’ ಎಂದು ಬರೆದದ್ದು ‘ಥ’ಕಾರಕ್ಕೆ ಹತ್ತಿರ. ಅಲ್ಪಪ್ರಾಣ, ಮಹಾಪ್ರಾಣಗಳನ್ನು ಸರಿಯಾಗಿ ಕಲಿತ ಕನ್ನಡದ ಮಕ್ಕಳಿಗೆ ಇದು ಸುಲಭ. ಸ್ವರದ ಏರಿಳಿತವನ್ನು ಮಾತ್ರ ಹೊಸದಾಗಿ ಕಲಿಯಬೇಕು. ತಗ್ಗಿಸಿ ಎಳೆದರೆ ‘ಹೊಡೆ’. ಮೇಲಿನಿಂದ ಥಟ್ಟನೆ ಇಳಿಸಿದರೆ ‘ದೊಡ್ಡದು’.

ಹೀಗಾಗಿ ‘ತಾ’ ಪದವನ್ನು ಒಂಟಿಯಾಗಿ ಕಲಿಯಬಾರದು. ನೋಟ್‌ಪುಸ್ತಕದಲ್ಲಿ ಅದರ ಮುಂದೆ ‘ಹೊಡೆ’ ಎಂದಷ್ಟೇ ಬರೆದುಕೊಳ್ಳುವುದಕ್ಕಿಂತ, ಫೋನಿನೊಡನೆ, ಕೊಡೆಯೊಡನೆ, ಚೆಂಡಿನೊಡನೆ ಜೋಡಿಯಾಗಿ ಬರೆದು ದಿನಕ್ಕೆ ಎರಡು ವಾಕ್ಯ ರಚಿಸುವುದು ಮೇಲು. ಮನೆಯಲ್ಲಿ ಪಾಠ ಒಪ್ಪಿಸಿಕೊಳ್ಳುವ ತಂದೆತಾಯಿಯರು ಭಾಷೆ ಬಾರದಿದ್ದರೂ ಇಷ್ಟು ಮಾಡಬಹುದು: ‘ಇದರ ಅರ್ಥವೇನು?’ ಎನ್ನುವ ಬದಲು ‘ಇದು ಯಾವುದರ ಜೊತೆ ಬರುತ್ತದೆ?’ ಎಂದು ಕೇಳಬಹುದು.