ಟಿಟ್ಟಿಭ ಆಕಾಶ ಹೊತ್ತು ಮಲಗುತ್ತದೆಯೇ?

ಹೊಸ ಬಡಾವಣೆಗೆ ಬಂದು ಪಕ್ಷಿ ವೀಕ್ಷಣೆ ಶುರುಮಾಡುವವರಿಗೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆ ಒಂದು ಖಾಲಿ ನಿವೇಶನವೂ ಸಾಕು. ಅಲ್ಲಿ ಕಿರುಚುತ್ತ ತಲೆಯ ಮೇಲೆ ಸುತ್ತುವ ಹಳದಿ ಕಾಲಿನ ಹಕ್ಕಿ ಟಿಟ್ಟಿಭ.

ಆಕಾಶ ಬೀಳದಂತೆ ಇದು ಕಾಲು ಮೇಲೆತ್ತಿ ಮಲಗುತ್ತದೆ ಎಂಬ ನಂಬಿಕೆಯಿದೆ. ಅದು ನಿಜವಲ್ಲ, ನೆಲದ ಮೇಲೆ ನಿಂತೋ ಕುಳಿತೋ ನಿದ್ರಿಸುತ್ತದೆ.

ಕಿರುಚುವುದು ಮೊಟ್ಟೆಗಳನ್ನು ಕಾಯಲು. ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬರಿನೆಲದ ತಗ್ಗಿನಲ್ಲಿ 3-4 ಮೊಟ್ಟೆ ಇಡುತ್ತದೆ. ಮಣ್ಣಿನ ಬಣ್ಣದ ಅವು ಸುಲಭವಾಗಿ ಕಾಣುವುದಿಲ್ಲ. ಬಿಸಿಲಿಗೆ ಹೊಟ್ಟೆಯ ಗರಿ ನೀರಲ್ಲಿ ನೆನೆಸಿ ತಂದು ಮೊಟ್ಟೆ ತಂಪು ಮಾಡುತ್ತದೆ. ನೀವು ಅಲ್ಲೇ ನಿಂತರೆ ಹಕ್ಕಿ ಗೂಡಿಗೆ ಮರಳುವುದಿಲ್ಲ. ಮೊಟ್ಟೆ ಬಿಸಿಲಿಗೆ ಕೆಡಬಹುದು. ಕಿರುಚಿದರೆ ನೆಲ ನೋಡುತ್ತ ಬಂದ ದಾರಿಯಲ್ಲೇ ಹಿಂದೆ ಸರಿದು, ದೂರದಿಂದ ನೋಡಿ.