‘ಬರೀ ನೀರು’ ಎನ್ನಬೇಡಿ



ಮಳೆ ಹಿಡಿಯಿತೆಂದರೆ ಭದ್ರಾವತಿ ಸೀಮೆಯ ಅಡಿಕೆ ತೋಟಗಳಲ್ಲಿ ಕೊಳೆರೋಗದ ಆತಂಕ. ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ಈ ರೋಗವನ್ನು ಅಧ್ಯಯನ ಮಾಡಿದ ಕಾಲದಿಂದಲೂ ನಮಗೆ ಬೋರ್ಡೋ ದ್ರಾವಣವೇ ಆಸರೆ. ಈಗ ಹೈಡ್ರೋಜನ್ ಪೆರಾಕ್ಸೈಡ್ ಆಧಾರಿತ ಶಿಲೀಂಧ್ರನಾಶಕಗಳೂ ಬಂದಿವೆ. ಪೆರಾಕ್ಸೈಡ್ ಕೊನೆಗೆ ನೀರು, ಆಮ್ಲಜನಕವಾಗಿ ಒಡೆದುಹೋಗುತ್ತದೆ ಎಂಬುದು ನಿಜ. ಅದನ್ನೇ ಕೇಳಿ ‘ಬರೀ ನೀರು ಬಿಡಿ’ ಎಂದುಕೊಳ್ಳುವುದು ಅಪಾಯ.

ಹೋದ ಮಳೆಗಾಲ ನಾನು ಬರಿಗೈಯಲ್ಲೇ ಪೆರಾಕ್ಸೈಡ್ ಕ್ಯಾನಿನ ಮುಚ್ಚಳ ತಿರುಗಿಸಿದೆ. ಎರಡು ಹನಿ ತಾಗಿದ್ದಷ್ಟೇ, ಬೆರಳ ತುದಿ ಸುಣ್ಣ ಮೆತ್ತಿದಂತೆ ಬೆಳ್ಳಗಾಗಿ ಚುರುಚುರು ಉರಿಯಿತು. ಮರದ ಕೆಳಗೆ ನಿಂತು ಕತ್ತೆತ್ತಿ ಪೈಪು ಹಿಡಿಯುವವನ ಕಣ್ಣಿಗೆ ಬಿದ್ದರೆ ಗತಿಯೇನು? ರಬ್ಬರ್ ಕೈಗವಸು, ಕನ್ನಡಕ ಬೇಕೇ ಬೇಕು. ಕಣ್ಣಿಗೆ ಹಾರಿದರೆ ಕನಿಷ್ಠ 15 ನಿಮಿಷ ಶುದ್ಧ ನೀರು ಹರಿಸಿ, ತಕ್ಷಣ ವೈದ್ಯರ ಬಳಿ ಹೋಗಬೇಕು.

ಇನ್ನೊಂದು ತಪ್ಪು, ಬೋರ್ಡೋ ಜೊತೆಗೇ ಇದನ್ನು ಬೆರೆಸುವುದು. ಬೋರ್ಡೋದಲ್ಲಿನ ತಾಮ್ರವೂ ಸುಣ್ಣವೂ ಸೇರಿದರೆ ಪೆರಾಕ್ಸೈಡ್ ಬುರುಬುರು ನೊರೆಯೆದ್ದು ಒಡೆಯುತ್ತದೆ. ಔಷಧಿಯೂ ದಂಡ, ಮುಚ್ಚಿದ ಡ್ರಮ್ಮಾದರೆ ಸಿಡಿಯುವ ಭಯ. ಉಳಿದದ್ದನ್ನು ಮತ್ತೆ ಕ್ಯಾನಿಗೆ ಸುರಿಯಬಾರದು, ತಂಪುಪಾನೀಯದ ಬಾಟಲಿಗಂತೂ ತುಂಬಲೇಬಾರದು. ಲೇಬಲ್ಲಿನಲ್ಲಿ ನಿಮ್ಮ ಬೆಳೆಯ ಹೆಸರು, ಪ್ರಮಾಣ ಇಲ್ಲದಿದ್ದರೆ ಕೊಳ್ಳಬೇಡಿ. ಬೋರ್ಡೋದಂತೆ ಇದು ಗೊನೆಗೆ ಅಂಟಿಕೊಂಡು ವಾರಗಟ್ಟಲೆ ಕಾಯುವುದೂ ಇಲ್ಲ.

ಕೃಷಿ, ತೋಟಗಾರಿಕೆ ಇಲಾಖೆಯವರು ಮುಂಗಾರಿಗೆ ಮೊದಲೇ ಹಳ್ಳಿಗಳಿಗೆ ಬಂದು, ಮಾಲೀಕರಿಗಷ್ಟೇ ಅಲ್ಲ, ಔಷಧಿ ಹೊಡೆಯುವ ಕೂಲಿಯವರಿಗೂ ಈ ಎಚ್ಚರಿಕೆಗಳನ್ನು ಕಲಿಸಿಕೊಡಲಿ.

– ಒಬ್ಬ ಅಡಿಕೆ ಬೆಳೆಗಾರ, ಭದ್ರಾವತಿ