ನೋಡುತ್ತ ನಿಂತವರ ಹೊಣೆ

ಶಾಲೆಯ ಕಿರುಕುಳವನ್ನು ತಡೆಯುವುದು ಶಿಕ್ಷಕರ ಕೆಲಸವೆಂದೂ, ಅದರ ವಿರುದ್ಧ ವಿದ್ಯಾರ್ಥಿಗಳು ಒಟ್ಟಾಗಿ ನಿಲ್ಲುವುದು ಒಂದು ದಿನದ ತೋರಿಕೆಯೆಂದೂ ಪ್ರಕಟವಾಗಿರುವ ಅಭಿಪ್ರಾಯವು ಕಿರುಕುಳವನ್ನು ಇಬ್ಬರ ನಡುವಿನ ಜಗಳವೆಂದು ತಪ್ಪಾಗಿ ಭಾವಿಸಿದೆ. ಬಲದಲ್ಲಿಯೋ ವರ್ಚಸ್ಸಿನಲ್ಲಿಯೋ ಮೇಲಿರುವವರು ತಮಗಿಂತ ದುರ್ಬಲರನ್ನು ಮತ್ತೆ ಮತ್ತೆ ನೋಯಿಸುವುದೇ ಕಿರುಕುಳ. ಅದು ಬಹುಪಾಲು ನಡೆಯುವುದು ಶಿಕ್ಷಕರ ಕಣ್ಣಿಗೆ ಬೀಳದ ಕಡೆ, ಆದರೆ ಸಹಪಾಠಿಗಳ ಕಣ್ಣೆದುರಿಗೆ. ಫಿನ್ಲೆಂಡಿನ ಮನಶ್ಶಾಸ್ತ್ರಜ್ಞೆ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಅಧ್ಯಯನವು, ಪೀಡಕ ಮತ್ತು ಪೀಡಿತರಲ್ಲದೆ, ಪೀಡಕನಿಗೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ದೂರ ಸರಿಯುವವರು, ರಕ್ಷಣೆಗೆ ನಿಲ್ಲುವವರು ಎಂಬ ಪಾತ್ರಗಳನ್ನೂ ತರಗತಿಯೊಳಗೇ ಗುರುತಿಸಿತು. ನೋಡುಗರ ನಗೆಯಿಂದ ಬಲ ಪಡೆಯುವ ಕೃತ್ಯವನ್ನು ಆ ನೋಡುಗರನ್ನೇ ಬಿಟ್ಟು ಸುತ್ತೋಲೆಯಿಂದ ನಿಲ್ಲಿಸಲಾಗದು.

2007ರಲ್ಲಿ ಕೆನಡಾದ ನೋವಾ ಸ್ಕೋಷಿಯಾ ಪ್ರಾಂತದ ಶಾಲೆಯೊಂದರಲ್ಲಿ, ಗುಲಾಬಿ ಬಣ್ಣದ ಅಂಗಿ ತೊಟ್ಟು ಬಂದ ಒಂಬತ್ತನೆಯ ತರಗತಿಯ ಹುಡುಗನನ್ನು ಕೆಲವರು ಸಲಿಂಗಕಾಮಿಯೆಂದು ಹೀಯಾಳಿಸಿ ಬೆದರಿಸಿದಾಗ, ಹನ್ನೆರಡನೆಯ ತರಗತಿಯ ಡೇವಿಡ್ ಶೆಫರ್ಡ್ ಮತ್ತು ಟ್ರಾವಿಸ್ ಪ್ರೈಸ್ 50 ಗುಲಾಬಿ ಅಂಗಿಗಳನ್ನು ಕೊಂಡು ತಂದು ಹಂಚಿದರು. ನೂರಾರು ವಿದ್ಯಾರ್ಥಿಗಳು ಅದೇ ಬಣ್ಣ ತೊಟ್ಟು ಬಂದರು. ಇದನ್ನು ತೋರಿಕೆಯೆಂದು ತಳ್ಳಿಹಾಕುವುದು ಅನ್ಯಾಯ, ಏಕೆಂದರೆ ಒಂಟಿಯಾದವನಿಗೆ ತಾನು ಒಂಟಿಯಲ್ಲವೆಂಬ ಸಾಕ್ಷ್ಯವು ಶಾಲೆಯ ಪಡಸಾಲೆಯಲ್ಲೇ, ಪೀಡಕರ ಎದುರಿಗೇ ದೊರಕಿತು.

ಈ ಘಟನೆಯಿಂದ ಹುಟ್ಟಿದ, ಗುಲಾಬಿ ಅಂಗಿ ತೊಡುವ ವರ್ಷಕ್ಕೊಂದು ದಿನದ ಆಚರಣೆ ಸಾಲದೆಂಬ ಆಕ್ಷೇಪಣೆಯಷ್ಟೇ ಒಪ್ಪತಕ್ಕದ್ದು. ಅದಕ್ಕೆ ಪರಿಹಾರ ವಿದ್ಯಾರ್ಥಿಗಳನ್ನು ಸುಮ್ಮನಿರಿಸುವುದರಲ್ಲಿಲ್ಲ: ಫಿನ್ಲೆಂಡಿನ ತುರ್ಕು ವಿಶ್ವವಿದ್ಯಾಲಯ ರೂಪಿಸಿದ 'ಕಿವಾ' ಎಂಬ ಕಿರುಕುಳ ತಡೆ ಕಾರ್ಯಕ್ರಮವು ಶಿಕ್ಷಕರ ಹೊಣೆಯನ್ನು ಉಳಿಸಿಕೊಂಡೇ, ನೋಡುತ್ತ ನಿಂತ ಮಕ್ಕಳಿಗೆ ಪೀಡಿತರ ಪರ ನಿಲ್ಲುವುದನ್ನು ವರ್ಷವಿಡೀ ಪಾಠವಾಗಿ ಕಲಿಸುತ್ತದೆ.